ಹೆಸರಿಲ್ಲದೆ ಬಾಳಿದ ಮೀನು

ಮಗು ಹುಟ್ಟಿದ ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ತೊಟ್ಟಿಲಿಗೆ ಹಾಕಿ ಹೆಸರಿಡುವುದು ನಮ್ಮಲ್ಲಿ ರೂಢಿ. ಹೆಸರು ಬಿದ್ದ ಮೇಲೆಯೇ ಕೂಸಿಗೆ ಮನೆಯ ಲೆಕ್ಕದಲ್ಲಿ ಒಂದು ಸ್ಥಾನ. ಕಾವೇರಿಯಲ್ಲಿ ಒಂದು ಮೀನಿದೆ. ಬಲಿತಾಗ ಅದರ ತೂಕ ಒಬ್ಬ ಆಳಿನ ತೂಕಕ್ಕೆ ಸಮನಾಗುತ್ತದೆ. ನದಿಯ ದಂಡೆಯ ಬೆಸ್ತರು ಅದನ್ನು ತಲೆತಲಾಂತರದಿಂದ ಬಲ್ಲರು. ಸಾಹೇಬರು ಅದರ ಬೆನ್ನು ಹತ್ತಿ ಗಾಳ ಹಾಕಿದರು, ಅದರ ಕಥೆಯನ್ನು ವಿಲಾಯಿತಿಯ ಪುಸ್ತಕಗಳಲ್ಲಿ ಅಚ್ಚು ಹಾಕಿಸಿದರು. ಇಷ್ಟೆಲ್ಲ ಆದರೂ ಶಾಸ್ತ್ರದ ತೊಟ್ಟಿಲಿಗೆ ಅದನ್ನು ಹಾಕಿ, "ಇದರ ಹೆಸರು ಇದೇ" ಎಂದು ಗೊತ್ತುಪಡಿಸಿದ್ದು ೨೦೧೮ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ, ಅಳಿವಿನ ಅಂಚಿಗೆ ಬಂದು ನಿಂತ ಜೀವಿಗಳ ಪಟ್ಟಿಯಲ್ಲಿಯೂ ಆ ಹೆಸರು ಸೇರಿತು. ನಾಮಕರಣಕ್ಕೆ ಬಂದ ನೆಂಟರು ತಿಥಿಯ ಊಟಕ್ಕೂ ನಿಲ್ಲಬೇಕಾದೀತೋ ಏನೋ ಎಂಬಂಥ ಸ್ಥಿತಿ ಇದು.

ಮೀನಿನ ವಿಷಯಕ್ಕೂ ಕನ್ನಡ ಪಾಠ ಹೇಳುವವನಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನನ್ನ ಉತ್ತರ ಇಷ್ಟೇ: ಇದು ಮೀನಿನ ಕಥೆ ಎಷ್ಟೋ ಅಷ್ಟೇ ಹೆಸರಿನ ಕಥೆಯೂ ಹೌದು, ಹೆಸರೆಂಬುದು ಭಾಷೆಯ ಸೊತ್ತು.

"ಹೊಸ ಮೀನಿನ ಪತ್ತೆ" ಎಂದು ಪತ್ರಿಕೆಯಲ್ಲಿ ಓದಿದಾಗ ಆ ಮೀನನ್ನು ಅದುವರೆಗೆ ಯಾರೂ ಕಂಡಿರಲಿಲ್ಲವೆಂದು ನಾವು ಭಾವಿಸುತ್ತೇವೆ. ಇದು ತಪ್ಪು. ಶಾಸ್ತ್ರಜ್ಞರ ಮಾತಿನಲ್ಲಿ ಹೊಸತೆಂದರೆ ಅದುವರೆಗೆ ದಾಖಲೆಯಾಗದ್ದು ಎಂದಷ್ಟೇ ಅರ್ಥ. ಸ್ವೀಡನ್ನಿನ ಲಿನೀಯಸ್ ಪಂಡಿತನು ತನ್ನ ಗ್ರಂಥದ ಹತ್ತನೆಯ ಆವೃತ್ತಿಯನ್ನು ೧೭೫೮ರಲ್ಲಿ ಹೊರತಂದ. ಪ್ರಾಣಿಗಳಿಗೆ ಕುಲದ ಹೆಸರೊಂದು, ಅದರ ಬೆನ್ನಿಗೆ ಜಾತಿಯ ಹೆಸರೊಂದು, ಹೀಗೆ ಎರಡು ಪದಗಳ ನಾಮಧೇಯ ಕೊಡುವ ಪದ್ಧತಿಗೆ ಅಂದಿನಿಂದಲೇ ಲೆಕ್ಕ. ಹೊಸ ಜೀವಿಯೊಂದಕ್ಕೆ ಹೆಸರಿಡಬೇಕಾದರೆ ಅದರ ಮಾದರಿಯನ್ನು ಕೆಡದಂತೆ ಕಾಪಾಡಿ ಇಡಬೇಕು. ಹುರುಪೆಗಳನ್ನು ಎಣಿಸಿ, ಈಜುರೆಕ್ಕೆಯ ಕಡ್ಡಿಗಳನ್ನು ಎಣಿಸಿ, ಮೈಯ ಅಳತೆಗಳನ್ನು ಬರೆಯಬೇಕು. ಬಂಧುಗಳಾದ ಇತರ ಮೀನುಗಳಿಂದ ಇದು ಎಲ್ಲಿ ಬೇರೆಯಾಗುತ್ತದೆಂದು ತೋರಿಸಿ ಅಚ್ಚು ಹಾಕಿಸಬೇಕು. ಅಲ್ಲಿಯವರೆಗೆ ಆ ಮೀನು ಹೊಳೆಯಲ್ಲಿದ್ದರೂ ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿಲ್ಲದ್ದಕ್ಕೆ ಕಾಯಿದೆಯ ಆಸರೆಯೂ ಇಲ್ಲ.

ನಮ್ಮ ಪಶ್ಚಿಮ ಘಟ್ಟಗಳು ಜೀವಸಂಪತ್ತಿಗೆ ಜಗತ್ತಿನಲ್ಲೇ ಹೆಸರಾದ ಎಡೆ. ಬೆಟ್ಟ ಬೆಟ್ಟದ ನಡುವೆ ಬೇರೆ ಬೇರೆ ಹೊಳೆ. ಒಂದು ಹೊಳೆಯ ಮೀನು ಗುಡ್ಡ ಹತ್ತಿ ಇನ್ನೊಂದು ಹೊಳೆಗೆ ಇಳಿಯಲಾರದು. ಹೀಗೆ ಲಕ್ಷಾಂತರ ವರ್ಷಗಳ ಕಾಲ ಬೇರೆಯಾಗಿ ಉಳಿದ ಸಂಸಾರಗಳು ಬೇರೆ ಜಾತಿಗಳೇ ಆಗಿಬಿಡುತ್ತವೆ. ಈ ಘಟ್ಟಗಳ ಸಿಹಿನೀರಿನ ಮೀನುಗಳ ಸ್ಥಿತಿಗತಿಯನ್ನು ಕುರಿತು ೨೦೧೧ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ೨೯೦ ಜಾತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಅವುಗಳಲ್ಲಿ ೧೮೯ ಈ ಘಟ್ಟಗಳನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲಿಯೂ ಇಲ್ಲದವು. ಇಲ್ಲಿ ಒಂದು ಹೊಳೆ ಬತ್ತಿದರೆ ಒಂದು ವಂಶವೇ ಬತ್ತಿತೆಂದು ತಿಳಿಯಬೇಕು.

ಇಲ್ಲಿನ ಮೀನುಗಳನ್ನು ಕುರಿತು ಬರೆದಿಟ್ಟವರಲ್ಲಿ ಮೊದಲು ನೆನೆಯಬೇಕಾದವನು ನಮ್ಮ ದೊರೆಯೇ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಅರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಅಡುಗೆ, ಸಂಗೀತ, ಆನೆ, ರತ್ನ ಎಲ್ಲಕ್ಕೂ ಎಡೆಯಿರುವ ಆ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವಿದೆ. ಮೂವತ್ತಕ್ಕೂ ಮೇಲ್ಪಟ್ಟ ಮೀನುಗಳ ಹೆಸರು ಅಲ್ಲಿ ಬರುತ್ತವೆ. ಅವು ಕಡಲಿನವೋ ಹೊಳೆಯವೋ, ಹುರುಪೆಯುಳ್ಳವೋ ಇಲ್ಲದವೋ ಎಂಬ ವಿಂಗಡಣೆಯಿದೆ. ಯಾವುದಕ್ಕೆ ಏನನ್ನು ತಿನ್ನಿಸಬೇಕು, ಹೇಗೆ ಗಾಳ ಹಾಕಬೇಕು ಎಂಬ ವಿವರಣೆಯಿದೆ. ಮತ್ಸ್ಯಶಾಸ್ತ್ರದಲ್ಲಿ ದೊಡ್ಡ ಹೆಸರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ಕುರಿತು ವಿದ್ವತ್ ಲೇಖನವೊಂದನ್ನು ಬರೆದು, ಅದರ ಬೆಲೆಯನ್ನು ಆಧುನಿಕರಿಗೆ ತೋರಿಸಿಕೊಟ್ಟರು. ಸುಮಾರು ಒಂಬೈನೂರು ವರ್ಷಗಳ ಹಿಂದೆ ಅರಮನೆಯಲ್ಲಿ ಕುಳಿತವನೊಬ್ಬ ಇಷ್ಟು ಮೀನುಗಳ ಹೆಸರು ಬರೆದನೆಂದರೆ ಅವನಿಗೆ ಅದನ್ನು ಹೇಳಿಕೊಟ್ಟವರು ಯಾರು? ದೋಣಿ ನಡೆಸುವವರು, ಬಲೆ ಬೀಸುವವರು ಅಲ್ಲದೆ ಮತ್ತಾರು ಇದ್ದಾರು?

ಸೋಮೇಶ್ವರನ ತರುವಾಯ ಬಹುಕಾಲ ಕಳೆದು, ಟಿಪ್ಪು ಸುಲ್ತಾನ ಮಡಿದ ಮರುವರ್ಷ, ಎಂದರೆ ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯನು ಗವರ್ನರ್ ಜನರಲ್ಲನ ಅಪ್ಪಣೆ ಪಡೆದು ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ. ಅವನ ಪ್ರವಾಸಕಥನ ಮೂರು ಸಂಪುಟಗಳಲ್ಲಿ ೧೮೦೭ರಲ್ಲಿ ಪ್ರಕಟವಾಯಿತು. ಅದನ್ನು ನಾವು ಸಾಮಾನ್ಯವಾಗಿ ಬೇಸಾಯದ ವಿವರಕ್ಕೆ, ಜಾತಿಗಳ ವಿವರಕ್ಕೆ, ನೇಕಾರರ ಕೂಲಿಯ ವಿವರಕ್ಕೆ ತಿರುವಿಹಾಕುತ್ತೇವೆ. ಆದರೆ ಅದರ ಮೂರನೆಯ ಸಂಪುಟದಲ್ಲಿ ಕೆಲವು ಮೀನುಗಳ ಚಿತ್ರಗಳೂ ವರ್ಣನೆಯೂ ಇವೆ. ಹಿರಿಯೂರಿನ ಕಡೆ ಹರಿಯುವ ವೇದಾವತಿ ಹೊಳೆಯ ಮೀನುಗಳು ಅವುಗಳಲ್ಲಿ ಸೇರಿವೆ. ಒಂದಕ್ಕೆ ಅವನು ಕೊಟ್ಟ ಹೆಸರು ಕರ್ಮುಕ, ಇನ್ನೊಂದಕ್ಕೆ ಬೆಂಡೆಲಿಸಿಸ್. ಈ ಹೆಸರುಗಳ ನಾದ ಲ್ಯಾಟಿನ್ನಿನದಲ್ಲವೆಂಬುದನ್ನು ಕಿವಿಯೇ ಹೇಳುತ್ತದೆ. ಮುಂದೆ ೧೮೨೨ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಅವನ ಮಹಾಗ್ರಂಥ ಹೊರಬಂದಾಗಲೂ ಅವನು ಅನುಸರಿಸಿದ್ದು ಇದೇ ಕ್ರಮ: ಊರಿನವರು ಮೀನನ್ನು ಏನೆಂದು ಕರೆಯುವರೆಂದು ಕೇಳಿ, ಆ ಮಾತನ್ನೇ ಶಾಸ್ತ್ರದ ಹೆಸರಾಗಿ ಬರೆಯುವುದು. ಮಹಶೀರ್ ಮೀನುಗಳ ಕುಲಕ್ಕೆ ಇಂದು ಜಗತ್ತೆಲ್ಲ ಬಳಸುವ ಟೋರ್ ಎಂಬ ಪದ ಅಂಥ ಒಂದು ನಾಡಮಾತು. ತಾಯಿಯ ಕಡೆಯ ಆಸ್ತಿ ಬಂದಾಗ ಬುಕಾನನ್ ಹ್ಯಾಮಿಲ್ಟನ್ ಎಂದು ಹೆಸರು ಬದಲಾಯಿಸಿಕೊಂಡ. ಆದುದರಿಂದ ಮೀನಿನ ಪುಸ್ತಕಗಳಲ್ಲಿ ಅವನು ಕಾಣಿಸಿಕೊಳ್ಳುವುದು ಹ್ಯಾಮಿಲ್ಟನ್ ಎಂದೇ. ಮೀನುಗಳಿಗೆ ಹೆಸರಿಡುತ್ತ ಹೋದವನು ತನ್ನ ಹೆಸರನ್ನೇ ಬದಲಿಸಿಕೊಂಡನಲ್ಲ ಎಂದು ನಗು ಬರುತ್ತದೆ.

ಅವನ ಹಾದಿಯಲ್ಲಿ ಇತರರೂ ನಡೆದರು. ಸೈನ್ಯದ ಅಧಿಕಾರಿ ಸೈಕ್ಸ್ ಪುಣೆಯ ಸುತ್ತಿನ ಹೊಳೆಗಳ ಮೀನುಗಳನ್ನು ಕಂಡು ೧೮೩೯ರಲ್ಲಿ ಬರೆದ. ಖುದ್ರೀ, ಮುಸುಲ್ಲಾ ಎಂಬ ಹೆಸರುಗಳು ಅವನವು. ಮದರಾಸಿನ ಸೈನ್ಯದ ವೈದ್ಯ ಜೆರ್ಡನ್ ೧೮೪೯ರಲ್ಲಿ ದಕ್ಷಿಣದ ಸಿಹಿನೀರಿನ ಮೀನುಗಳನ್ನು ವರ್ಣಿಸಿದ. ಇನ್ನೊಬ್ಬ ವೈದ್ಯ ಫ್ರಾನ್ಸಿಸ್ ಡೇ ೧೮೬೫ರಲ್ಲಿ ಮಲಬಾರಿನ ಮೀನುಗಳನ್ನೂ, ೧೮೭೫ರಿಂದ ೧೮೭೮ರವರೆಗೆ ಇಡೀ ಇಂಡಿಯಾದ ಮೀನುಗಳನ್ನೂ ಪುಸ್ತಕಕ್ಕೆ ಇಳಿಸಿದ. ಇವರ ಶ್ರಮ ಸಾಮಾನ್ಯವಾದುದಲ್ಲ. ಬೆರಳುದ್ದದ ಮೀನುಗಳಿಗೆ, ಕಲ್ಲುಸಂದಿಯ ಮೀನುಗಳಿಗೆ, ಕೆಸರಿನಲ್ಲಿ ಹುದುಗಿರುವ ಮೀನುಗಳಿಗೆಲ್ಲ ಹೆಸರು ಬಂದುವು. ಕಾವೇರಿಯ ಅತಿ ದೊಡ್ಡ ಮೀನು ಮಾತ್ರ ತಪ್ಪಿಸಿಕೊಂಡಿತು!

ಅದು ಬೆಳಕಿಗೆ ಬಾರದ ಮೀನೇ? ಅಲ್ಲ. ಮಹಶೀರ್ ಎಂಬ ಶಬ್ದವನ್ನು ಕುರಿತೇ ಪಂಡಿತರಲ್ಲಿ ವಾದವುಂಟು. ಮಹಾ ಶಿರ, ದೊಡ್ಡ ತಲೆಯದು, ಎನ್ನುವವರು ಕೆಲವರು. ಫಾರಸಿಯ ಮಾಹಿ ಎಂದರೆ ಮೀನು, ಶೇರ್ ಎಂದರೆ ಹುಲಿಯೋ ಸಿಂಹವೋ, ಆದುದರಿಂದ ಹುಲಿಮೀನು ಎನ್ನುವವರು ಕೆಲವರು. ಕಾವೇರಿಯ ದಂಡೆಯಲ್ಲಿ ನಮ್ಮವರು ಸುಮ್ಮನೆ ಬಿಳಿಮೀನು ಎಂದರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ೧೮೭೩ರಲ್ಲಿ ಭಾರತದ ಗಾಳಬೇಟೆಯನ್ನು ಕುರಿತು ಬರೆದ ಪುಸ್ತಕದಿಂದ ಗೂನುಬೆನ್ನಿನ ಮಹಶೀರಿನ ಕೀರ್ತಿ ಹಬ್ಬಿತು. ಇತರ ಮಹಶೀರುಗಳಿಗಿಂತ ಎತ್ತರವಾದ ಬೆನ್ನು, ಕಿತ್ತಳೆಗೆಂಪಿನ ರೆಕ್ಕೆ, ಬಂಡೆಗಳ ನಡುವೆ ಸುಳಿಯುವ ನೀರಿನಲ್ಲಿ ಗಾಳವನ್ನು ಮುರಿದು ಓಡುವ ಬಲ. ೧೯೧೯ರಲ್ಲಿ ಕಾವೇರಿಯಲ್ಲಿ ಸಿಕ್ಕಿದ ಒಂದು ಮೀನು ೧೧೯ ಪೌಂಡು ತೂಗಿತು. ೧೯೪೬ರಲ್ಲಿ ಕಬಿನಿಯಲ್ಲಿ, ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದದ್ದು ೧೨೦ ಪೌಂಡು. ಬೇಟೆಗಾರರು ಕೊಂದ ಹುಲಿ ಚಿರತೆಗಳನ್ನು ಜೀವಂತವೆಂಬಂತೆ ನಿಲ್ಲಿಸುವ ವಿದ್ಯೆಯಲ್ಲಿ ಲೋಕಪ್ರಸಿದ್ಧರಾಗಿದ್ದ ಮನೆತನವದು.

ಇಷ್ಟು ಪ್ರಖ್ಯಾತಿಯಿದ್ದೂ ಹೆಸರಿಲ್ಲದೆ ಹೋದದ್ದೇಕೆ? ನನಗೆ ತೋರುವ ಕಾರಣವಿದು: ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಅದನ್ನು ಸರಿಯಾಗಿ ನೋಡಲಿಲ್ಲ. ಹಿಡಿದವರು ತೂಕ ಮಾಡಿದರು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಹುರುಪೆ ಎಣಿಸಿ ಅಳತೆ ಬರೆದಿಡಬೇಕೆಂದು ಅವರಿಗೆ ತೋರಲಿಲ್ಲ. ಬೆರಳುದ್ದದ ಮೀನನ್ನು ಸೀಸೆಯಲ್ಲಿಟ್ಟು ಲಂಡನ್ನಿಗೆ ಕಳಿಸುವುದು ಸುಲಭ. ಆಳಿನ ತೂಕದ ಮೀನಿಗೆ ಯಾವ ಸೀಸೆ? ವಿದ್ವಾಂಸರಾದರೋ, ಸೈಕ್ಸನು ಪುಣೆಯ ಕಡೆಯ ಮೀನಿಗೆ ಇಟ್ಟ ಮುಸುಲ್ಲಾ ಎಂಬ ಹೆಸರನ್ನು ತಂದು ಕಾವೇರಿಯ ಗೂನುಮೀನಿಗೆ ತೊಡಿಸಿದರು. ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿದಂತಾದರೂ ಚಿಂತೆಯಿರಲಿಲ್ಲ. ಇದು ನೆರೆಮನೆಯವರ ಅಂಗಿ. ಸೈಕ್ಸನ ಮುಸುಲ್ಲಾ ಮಹಶೀರೇ ಅಲ್ಲ, ಬೇರೊಂದು ಕುಲದ್ದು ಎಂದು ೨೦೧೩ರಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ಅಲ್ಲಿಗೆ ಕಾವೇರಿಯ ಮೀನಿನ ಮೈಮೇಲಿದ್ದ ಎರವಲು ಹೆಸರೂ ಕಳಚಿತು.

ಹೆಸರಿನ ಗೊಂದಲ ಪಂಡಿತರ ಕಾಲಹರಣವಷ್ಟೇ ಆಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಅದರ ಫಲವನ್ನು ಉಂಡದ್ದು ನದಿ. ಸ್ವಾತಂತ್ರ್ಯದ ತರುವಾಯದ ವರ್ಷಗಳಲ್ಲಿ ಅಣೆಕಟ್ಟು, ತೋಟೆಯ ಹಾವಳಿ, ಮರಳು ತೆಗೆಯುವುದು, ಇವುಗಳಿಂದ ಮಹಶೀರ್ ಕಡಮೆಯಾಗುತ್ತಿದೆಯೆಂಬ ಕಳವಳ ಹುಟ್ಟಿತು. ಮಳೆಗಾಲದ ಹೊಸನೀರಿನಲ್ಲಿ ಮೇಲಕ್ಕೆ ಏರಿ ಮೊಟ್ಟೆಯಿಡುವ ಮೀನಿಗೆ ಕಟ್ಟೆ ಅಡ್ಡ ಬಂದರೆ ಬಾಣಂತಿಯ ಮನೆಗೆ ಬೀಗ ಹಾಕಿದಂತೆ. ಆಗ ಲೋನಾವಳದಲ್ಲಿ ಖುದ್ರೀ ಜಾತಿಯ ಮಹಶೀರನ್ನು ಕೃತಕವಾಗಿ ಮರಿಮಾಡಿಸುವ ವಿದ್ಯೆ ಕೈಗೂಡಿತು. ೧೯೭೦ರ ದಶಕದಿಂದೀಚೆಗೆ ಅಂಥ ಮರಿಗಳನ್ನು ನಾಡಿನ ನಾನಾ ನೀರುಗಳಲ್ಲಿ ಬಿಟ್ಟರು, ಕಾವೇರಿಯಲ್ಲಿಯೂ ಬಿಟ್ಟರು. ಉದ್ದೇಶ ಒಳ್ಳೆಯದೇ. ಖುದ್ರೀ ಕೃಷ್ಣೆಯ ಕೊಳ್ಳದ ಮೀನು, ಅದರ ರೆಕ್ಕೆ ನೀಲಿಛಾಯೆಯದು. ಆದರೆ ಎಲ್ಲವೂ ಮಹಶೀರೇ ಆದ ಮೇಲೆ ಯಾವ ಮಹಶೀರ್ ಎಂದು ಯಾರು ಕೇಳಬೇಕು? ಸೊರಗಿದ ಮನೆಯವನಿಗೆ ನೆರವು ಕಳಿಸುತ್ತೇವೆಂದು ಅವನ ಮನೆಗೇ ಇನ್ನೊಂದು ಸಂಸಾರವನ್ನು ಬಿಡಾರ ಮಾಡಿಸಿದಂತಾಯಿತು.

ಈ ಬದಲಾವಣೆ ಬೆಳಕಿಗೆ ಬಂದ ಬಗೆ ವಿಚಿತ್ರವಾದುದು. ಗಾಲಿಬೋರೆಯ ಕಡೆ ಗಾಳದಿಂದ ಹಿಡಿದು ಮತ್ತೆ ನೀರಿಗೆ ಬಿಡುವ ಆಟಗಾರರು ತಾವು ಹಿಡಿದ ಪ್ರತಿ ಮೀನನ್ನೂ ೧೯೯೮ರಿಂದ ೨೦೧೨ರವರೆಗೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಒಟ್ಟು ಲೆಕ್ಕ ನೋಡಿದರೆ ಮೀನಿನ ಸಂಖ್ಯೆ ಏರುತ್ತಿತ್ತು, ಎಲ್ಲರಿಗೂ ಸಂತೋಷ. ಮತ್ಸ್ಯವಿಜ್ಞಾನಿಗಳಾದ ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಜೊತೆಗಾರರು ಗೂನುಬೆನ್ನಿನದನ್ನೂ ನೀಲಿರೆಕ್ಕೆಯದನ್ನೂ ಬೇರೆ ಬೇರೆ ಕಲಮಿನಲ್ಲಿ ಬರೆದು ಲೆಕ್ಕ ಹಾಕಿದಾಗ ಸಂತೋಷ ಕರಗಿತು. ಏರುತ್ತಿದ್ದುದು ಹೊರಗಿನಿಂದ ಬಂದ ಮೀನು. ಮನೆಯ ಮೀನು ಇಳಿದು ಇಳಿದು ಇಲ್ಲವಾಗುವ ಹಂತಕ್ಕೆ ಬಂದಿತ್ತು. ೨೦೧೫ರಲ್ಲಿ ಅವರು ಈ ಮಾತನ್ನು ಲೋಕಕ್ಕೆ ತಿಳಿಸಿದರು. ಆದರೂ ಕಾಪಾಡುವ ಕ್ರಮ ಕೈಗೊಳ್ಳಲು ಅಡ್ಡಿಯೊಂದಿತ್ತು: ಆ ಮೀನಿಗೆ ಶಾಸ್ತ್ರೀಯವಾದ ಹೆಸರಿಲ್ಲ. ಹೆಸರಿಲ್ಲದ್ದನ್ನು ಅಪಾಯದ ಪಟ್ಟಿಯಲ್ಲಿ ಬರೆಯುವುದು ಹೇಗೆ? ಪಡಿತರ ಚೀಟಿಯಲ್ಲಿ ಹೆಸರಿಲ್ಲದವನಿಗೆ ಅಕ್ಕಿ ಸಿಕ್ಕುವುದೇ?

ಉತ್ತರ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಮೂಲೆಯಲ್ಲಿ. ಕೇರಳದ ಬೆಟ್ಟಗಳಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು, ಅಮರಾವತಿಯ ಮೂಲಕ ಕಾವೇರಿಯನ್ನು ಸೇರುವ ಪಾಂಬಾರ್ ಎಂಬ ಚಿಕ್ಕ ಹೊಳೆಯಿದೆ. ಅಲ್ಲಿ ಸಿಕ್ಕಿದ ಎಳೆಯ ಮೀನುಗಳನ್ನು ನೋಡಿ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿದ್ವಾಂಸರು ಕೆಲವು ವರ್ಷ ಹಿಂದೆಯೇ ಅವು ಹೊಸ ಜಾತಿಯವೆಂದು ಗುರುತಿಸಿ, ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ವಿದುಷಿ ರೇಮಾದೇವಿಯವರ ಗೌರವಾರ್ಥವಾಗಿ ಟೋರ್ ರೇಮಾದೇವಿಯೈ ಎಂದು ಹೆಸರಿಟ್ಟಿದ್ದರು. ಆ ಮರಿಗಳಿಗೂ ಕಾವೇರಿಯ ದೈತ್ಯನಿಗೂ ನಂಟಿರಬಹುದೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ತಮಿಳುನಾಡಿನ ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಗೂನುಮೀನುಗಳನ್ನು ಹಿಡಿದು, ರೂಪವನ್ನೂ ರಕ್ತಸಂಬಂಧವನ್ನೂ ಹೋಲಿಸಿ ನೋಡಿದಾಗ ಎರಡೂ ಒಂದೇ ಎಂದು ಸ್ಥಿರಪಟ್ಟಿತು. ಅದು ೨೦೧೮ರ ಮಾತು. ಥಾಮಸನ ಪುಸ್ತಕದಿಂದ ಲೆಕ್ಕ ಹಿಡಿದರೆ ೧೪೫ ವರ್ಷ!

ರೇಮಾದೇವಿಯವರಿಗೂ ನಮ್ಮ ನಾಡಿನ ಹೊಳೆಗಳಿಗೂ ಬೇರೊಂದು ನಂಟಿದೆ. ಶರಾವತಿಯ ಕೊಳ್ಳದಲ್ಲಿ ಸಿಕ್ಕಿದ ಚಿಕ್ಕ ಮೀನುಗಳೆರಡನ್ನು ೨೦೦೬ರಲ್ಲಿ ಹೊಸ ಜಾತಿಗಳೆಂದು ವರ್ಣಿಸಿದ ತಂಡದಲ್ಲಿ ಅವರೂ ಒಬ್ಬರು. ಅವುಗಳಲ್ಲಿ ಒಂದರ ಹೆಸರಿನಲ್ಲಿ ನಾಗೋಡಿಯೆಂಬ ಊರಿದೆ, ಇನ್ನೊಂದರಲ್ಲಿ ಶರಾವತಿಯೇ ಇದೆ. ಅದಕ್ಕೆ ಎರಡು ವರ್ಷ ಮೊದಲು ಅದೇ ನದಿಯ ಇನ್ನೊಂದು ಮೀನು ಶರಾವತಿಯ ಹೆಸರು ಹೊತ್ತು ಪುಸ್ತಕ ಸೇರಿತ್ತು. ಲಿಂಗನಮಕ್ಕಿಯ ಕಟ್ಟೆ ಎದ್ದು ನಾಲ್ಕು ದಶಕಗಳಾದ ಮೇಲೆ ಈ ಮೀನುಗಳ ಇರವು ದಾಖಲೆಯಾಯಿತೆಂಬುದನ್ನು ಮರೆಯುವಂತಿಲ್ಲ. ಕಟ್ಟೆಯ ನೀರಿನಡಿ ಮುಳುಗಿದ ತೊರೆಗಳಲ್ಲಿ ಹೆಸರು ಪಡೆಯದೆಯೇ ಹೋದವು ಎಷ್ಟೋ ಯಾರು ಬಲ್ಲರು? ನೆರೆಯ ಕೇರಳದಲ್ಲಿಯಂತೂ ಮನೆಯ ಬಾವಿಯ ನೀರಿನಲ್ಲಿ ಹೊಸ ಮೀನುಗಳು ಹೊರಬಂದಿವೆ. ನೆಲದೊಳಗಿನ ನೀರಿನಲ್ಲಿ ಬಾಳುವ ದಾರದಂಥ ಮೀನೊಂದಕ್ಕೆ ೨೦೧೯ರಲ್ಲಿ ಉತ್ತರದವರ ಕುರುಕಲು ತಿಂಡಿ ಭುಜಿಯಾದ ಹೆಸರನ್ನೂ, ಇನ್ನೊಂದಕ್ಕೆ ೨೦೨೨ರಲ್ಲಿ ಪಾತಾಳವೆಂಬ ಹೆಸರನ್ನೂ ಇಟ್ಟರು. ಪಾತಾಳ ಎಂಬ ಹೆಸರು ಎಷ್ಟು ಸೊಗಸು! ಬಾವಿಯ ಕೊಡದಲ್ಲಿ ಮೀನು ಬಂದಾಗ ಅದನ್ನು ಚೆಲ್ಲದೆ ಎತ್ತಿಟ್ಟುಕೊಂಡ ಮನೆಯವರಿಗೆ ಆ ಕೀರ್ತಿಯಲ್ಲಿ ಪಾಲಿದೆ.

ಕೆಲವು ವರ್ಷಗಳ ಹಿಂದೆ ಸ್ನೇಹಿತರೊಡನೆ ಮುತ್ತತ್ತಿಗೆ ಹೋಗಿದ್ದೆ. ಆಂಜನೇಯನ ದರ್ಶನವಾದ ಮೇಲೆ ಹೊಳೆಯ ದಂಡೆಯಲ್ಲಿ ಕುಳಿತಿದ್ದಾಗ ಹರಿಗೋಲನ್ನು ಬೋರಲು ಹಾಕಿ ತೇಪೆ ಹಚ್ಚುತ್ತಿದ್ದ ವೃದ್ಧರೊಬ್ಬರು ಮಾತಿಗೆ ಸಿಕ್ಕಿದರು. ಪುಸ್ತಕದಲ್ಲಿ ಓದಿದ್ದ ಜಾಣತನವನ್ನು ತೋರಿಸಿಕೊಳ್ಳುವ ಚಪಲ ನನಗೆ. "ಯಜಮಾನರೇ, ಈಗ ಬಿಳಿಮೀನು ಸಿಗುತ್ತದೆಯೆ?" ಎಂದೆ. ಅವರು ತಲೆಯೆತ್ತದೆ, "ಯಾವುದು ಬುದ್ಧಿ? ಡುಬ್ಬದ್ದೋ, ಬಿಟ್ಟದ್ದೋ?" ಎಂದರು. ನಾನು ಅರ್ಥವಾಗದೆ ನಿಂತೆ. ಅವರೇ ವಿವರಿಸಿದರು: "ಡುಬ್ಬದ್ದು ನಮ್ಮ ತಾತನ ಕಾಲದಿಂದ ಇದ್ದದ್ದು. ಬಿಟ್ಟದ್ದು ಆಮೇಲೆ ತಂದು ಬಿಟ್ಟದ್ದು. ಬಿಟ್ಟದ್ದು ಬೇಕಾದಷ್ಟದೆ. ಡುಬ್ಬದ್ದ ನೋಡಿ ಬೋ ದಿನ ಆಯ್ತು." ಇಷ್ಟು ಹೇಳಿ ಮತ್ತೆ ತೇಪೆಯ ಕೆಲಸಕ್ಕೆ ಕೈ ಹಚ್ಚಿದರು.

ವಿದ್ವಾಂಸರು ಲೆಕ್ಕದ ಪುಸ್ತಕಗಳನ್ನು ತಿರುವಿಹಾಕಿ, ಮೀನುಗಳ ಒಡಲನ್ನು ಪರೀಕ್ಷಿಸಿ ಕಂಡುಕೊಂಡ ನಿಜ ಆ ಮುದುಕರ ಎರಡು ಮಾತಿನಲ್ಲಿತ್ತು. ವಿದ್ವಾಂಸರ ಕೆಲಸ ಸಣ್ಣದೆಂದು ನಾನು ಹೇಳುತ್ತಿಲ್ಲ. ಅವರು ಬರೆಯದೆ ಹೋಗಿದ್ದರೆ ಆ ಮೀನಿಗೆ ಲೋಕದ ಪಟ್ಟಿಯಲ್ಲಿ ಎಡೆ ದೊರೆಯುತ್ತಿರಲಿಲ್ಲ. ಆದರೆ ಬುಕಾನನ್ ವೇದಾವತಿಯ ದಂಡೆಯಲ್ಲಿ ಮಾಡಿದ ಕೆಲಸವನ್ನು, ಎಂದರೆ ಊರಿನವರನ್ನು ಕೇಳಿ ಅವರ ಮಾತನ್ನು ಬರೆದುಕೊಳ್ಳುವ ಕೆಲಸವನ್ನು, ಕಾವೇರಿಯ ದಂಡೆಯಲ್ಲಿಯೂ ಯಾರಾದರೂ ಹೊತ್ತಿಗೆ ಸರಿಯಾಗಿ ಮಾಡಿದ್ದರೆ, ಮರಿಗಳನ್ನು ನೀರಿಗೆ ಬಿಡುವ ಕೈ ಒಂದು ಗಳಿಗೆ ತಡೆಯುತ್ತಿತ್ತಲ್ಲವೆ? ಡುಬ್ಬದ್ದು ಬೇರೆ, ಬಿಟ್ಟದ್ದು ಬೇರೆ ಎಂಬ ಭೇದ ಕಾಗದಕ್ಕೆ ಇಳಿಯುವುದರೊಳಗೆ ಡುಬ್ಬದ್ದೇ ಅಪರೂಪವಾಯಿತು.

ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನುಗಳನ್ನು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದವರು ನಾವು. ಅವುಗಳಿಗೆ ಮಂಡಕ್ಕಿ ಎರಚಿ ಕೈಮುಗಿಯುತ್ತೇವೆ. ಅವುಗಳ ಹೆಸರೇನೆಂದು ಕೇಳುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರದ ವಿಭಾಗಕ್ಕೂ ಕನ್ನಡದ ವಿಭಾಗಕ್ಕೂ ನಡುವೆ ಒಂದು ಅಂಗಳದಷ್ಟೇ ದೂರ. ಬೇಸಗೆಯ ರಜದಲ್ಲಿ ಆ ಎರಡು ವಿಭಾಗದ ನಾಲ್ಕಾರು ಹುಡುಗರು ಒಟ್ಟಾಗಿ ತಮ್ಮ ತಮ್ಮ ಊರಿನ ಹೊಳೆಗೆ ಹೋಗಿ, ಬಲೆ ಬೀಸುವವರ ಪಕ್ಕದಲ್ಲಿ ಕುಳಿತು, ಅವರು ಹೇಳುವ ಮೀನಿನ ಹೆಸರುಗಳನ್ನು ಬರೆದುಕೊಂಡು ಬರಲಿ. ಅವುಗಳಲ್ಲಿ ಎಷ್ಟಕ್ಕೆ ಶಾಸ್ತ್ರದ ಹೆಸರಿದೆ, ಎಷ್ಟಕ್ಕೆ ಇಲ್ಲ ಎಂಬುದನ್ನು ಆಮೇಲೆ ನೋಡಿಕೊಳ್ಳೋಣ. ಮೊದಲು ಕೇಳಿ ಬರೆದಿಡೋಣ. ಮುತ್ತತ್ತಿಯ ಆ ವೃದ್ಧರ ಹರಿಗೋಲಿಗೆ ಇನ್ನು ಎಷ್ಟು ತೇಪೆ ತಡೆಯುತ್ತದೋ ತಿಳಿಯದು.